ಚಿಕಿತ್ಸೆಯ ಮೂರನೆಯ ಪಾದ: ಮಧುಮೇಹ, ಅಪಸ್ಮಾರ ಮತ್ತು ಉಪಸ್ಥಾತೃವಿನ ಚರಿತ್ರೆ

೧

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ಖುಡ್ಡಾಕಚತುಷ್ಪಾದವೆಂದು ಹೆಸರು. ಚಿಕಿತ್ಸೆಯೆಂಬುದು ನಾಲ್ಕು ಪಾದಗಳ ಮೇಲೆ ನಿಂತಿರುವುದೆಂದೂ, ಅವು ಕ್ರಮವಾಗಿ ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ ಎಂಬ ನಾಲ್ಕೆಂದೂ ಅಲ್ಲಿ ನಿರೂಪಿತವಾಗಿದೆ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು, ಒಟ್ಟು ಹದಿನಾರು. ಇವುಗಳಲ್ಲಿ ವೈದ್ಯನೇ ಪ್ರಧಾನನೆಂದು ಹೇಳಿ, ಕುಂಬಾರನಿಲ್ಲದೆ ಮಣ್ಣು ಚಕ್ರಾದಿಗಳು ವ್ಯರ್ಥವಾಗುವಂತೆ ವೈದ್ಯನಿಲ್ಲದೆ ಮಿಕ್ಕ ಮೂರೂ ವ್ಯರ್ಥವೆಂದು ಗ್ರಂಥಕಾರನು ದೃಷ್ಟಾಂತ ಕೊಟ್ಟಿದ್ದಾನೆ. ವೈದ್ಯಕ ಚರಿತ್ರೆಯನ್ನು ಬರೆದವರೂ ಇದೇ ಮಾರ್ಗವನ್ನು ಹಿಡಿದು ವೈದ್ಯರ ಮತ್ತು ದ್ರವ್ಯಗಳ ಚರಿತ್ರೆಯನ್ನೇ ವಿಸ್ತಾರವಾಗಿ ಬರೆದಿರುವರು. ಮೂರನೆಯ ಪಾದವಾದ ಉಪಸ್ಥಾತೃ, ಎಂದರೆ ರೋಗಿಯ ಬಳಿಯಲ್ಲಿದ್ದು ಉಪಚರಿಸುವಾತನು ಅಥವಾ ಉಪಚರಿಸುವಾಕೆಯು, ಆ ಚರಿತ್ರೆಗಳಲ್ಲಿ ಕಾಣಸಿಗುವುದು ಅಪೂರ್ವ.

ಆದರೆ ಕೆಲವು ವ್ಯಾಧಿಗಳುಂಟು. ಅವುಗಳ ವಿಷಮಘಳಿಗೆ ಬರುವುದು ನಡುರಾತ್ರಿಯಲ್ಲಿ, ಮನೆಯೊಳಗೆ, ವೈದ್ಯನು ದೂರವಿರುವ ಹೊತ್ತಿನಲ್ಲಿ. ಇನ್ಸುಲಿನ್ನಿನಿಂದ ಚಿಕಿತ್ಸೆಗೊಳ್ಳುತ್ತಿರುವ ಮಧುಮೇಹ ಒಂದು; ಅಪಸ್ಮಾರ ಇನ್ನೊಂದು. ಇವೆರಡೂ ಒಬ್ಬರಲ್ಲಿಯೇ ಕೂಡಿದಾಗ, ಜೊತೆಯಲ್ಲಿ ಬಾಳುವ ಪತಿಯೋ ಪತ್ನಿಯೋ ವಹಿಸಬೇಕಾದ ಭಾರವು ಅಸಾಮಾನ್ಯವಾದುದು. ಈ ಎರಡು ವ್ಯಾಧಿಗಳ ಚರಿತ್ರೆಯು ಎಲ್ಲೆಲ್ಲಿ ಒಂದನ್ನೊಂದು ಸಂಧಿಸಿತು, ಆ ಸಂಧಿಗಳಲ್ಲಿ ಉಪಸ್ಥಾತೃವಿನ ಸ್ಥಾನವು ಹೇಗೆ ಬೆಳೆಯಿತು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶಬ್ದವಿಚಾರ. ಪ್ರಾಚೀನರು ಪ್ರಮೇಹಗಳು ಇಪ್ಪತ್ತೆಂದು ಎಣಿಸಿದರು: ಕಫಜ ಹತ್ತು, ಪಿತ್ತಜ ಆರು, ವಾತಜ ನಾಲ್ಕು. ಮಧುಮೇಹವು ವಾತಜಗಳಲ್ಲಿ ಸೇರಿದುದು. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕನು ಪೂರ್ವರೂಪಗಳಲ್ಲಿ ಹೇಳಿದ್ದಾನೆ. ಹುಟ್ಟಿನಿಂದ ಬರುವುದು, ಅಪಥ್ಯದಿಂದ ಬರುವುದು ಎಂದು ಸುಶ್ರುತನು ಪ್ರಮೇಹಿಗಳನ್ನು ಎರಡಾಗಿ ವಿಭಜಿಸಿ, ಮೊದಲನೆಯವನು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಲಕ್ಷಣ ಕೊಟ್ಟಿರುವುದು ಇಂದಿನ ವಿಭಾಗವನ್ನು ನೆನಪಿಗೆ ತರುವುದಾದರೂ, ಎರಡೂ ಒಂದೇ ಎಂದು ಸಾಧಿಸಹೊರಡುವುದು ಸಾಹಸವಾದೀತು.

ಅಪಸ್ಮಾರಶಬ್ದದ ಅರ್ಥ ಸ್ಪಷ್ಟ: ಸ್ಮೃತಿಯು ಅಪಗತವಾಗುವುದು. ಚರಕನ ಚಿಕಿತ್ಸಾಸ್ಥಾನದ ಹತ್ತನೆಯ ಅಧ್ಯಾಯವೂ ಸುಶ್ರುತನ ಉತ್ತರತಂತ್ರದ ಅರುವತ್ತೊಂದನೆಯ ಅಧ್ಯಾಯವೂ ಈ ವ್ಯಾಧಿಗೆ ಮೀಸಲು. ಸುಶ್ರುತನಲ್ಲಿ ಮೂರ್ಛೆಯೆಂಬುದು ಬೇರೆಯೇ ವ್ಯಾಧಿ. ಅದಕ್ಕೆ ಉತ್ತರತಂತ್ರದ ನಲವತ್ತಾರನೆಯ ಅಧ್ಯಾಯವಿದೆ. ಚರಕನು ಸೂತ್ರಸ್ಥಾನದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಮದ, ಮೂರ್ಛೆ, ಸಂನ್ಯಾಸ ಎಂದು ಮೂರು ಮೆಟ್ಟಿಲುಗಳನ್ನು ಹೇಳಿ, ಮೊದಲೆರಡು ವೇಗ ಕಳೆದ ಮೇಲೆ ತಾವಾಗಿ ಶಮಿಸುವುವೆಂದೂ, ಸಂನ್ಯಾಸವು ಔಷಧವಿಲ್ಲದೆ ಶಮಿಸದೆಂದೂ ಭೇದ ಮಾಡಿದ್ದಾನೆ. ಆಳವಾದ ನೀರಿನಲ್ಲಿ ಮುಳುಗುತ್ತಿರುವ ಪಾತ್ರೆಯನ್ನು ತಳ ಮುಟ್ಟುವ ಮುನ್ನವೇ ಹಿಡಿಯಬೇಕಾದಂತೆ ಅಲ್ಲಿ ತ್ವರೆ ಬೇಕೆಂಬುದು ಅವನ ಅಭಿಪ್ರಾಯ.

ಈ ಭೇದವು ಕನ್ನಡ ವ್ಯವಹಾರದಲ್ಲಿ ಅಳಿಸಿಹೋಯಿತು. ಅಪಸ್ಮಾರಕ್ಕೆ ನಮ್ಮ ಜನರು ಮೂರ್ಛೆರೋಗವೆನ್ನುವರು. ಉಪವಾಸದಿಂದ ಬಿದ್ದರೂ ಮೂರ್ಛೆ, ಇನ್ಸುಲಿನ್ ಹೆಚ್ಚಾಗಿ ರಕ್ತದಲ್ಲಿ ಸಕ್ಕರೆ ಕುಗ್ಗಿ ಬಿದ್ದರೂ ಮೂರ್ಛೆ. ಒಂದೇ ಶಬ್ದದ ಮರೆಯಲ್ಲಿ ಬೇರೆ ಬೇರೆ ಕಾರಣಗಳು ಅಡಗಿ ಕುಳಿತಿವೆ. ಇದು ಬರಿಯ ಕೋಶಕಾರರ ಚರ್ಚೆಯಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಬಿದ್ದು ಸೆಳೆತಗೊಂಡಾಗ, ಅದು ಮೆದುಳಿನಲ್ಲಿಯೇ ಹುಟ್ಟಿದ ಅಪಸ್ಮಾರದ ವೇಗವೋ ಅಥವಾ ಸಕ್ಕರೆ ಕುಗ್ಗಿದುದರ ಪರಿಣಾಮವೋ ಎಂಬುದನ್ನು ಮೊದಲು ತಿಳಿಯಬೇಕು. ಮೊದಲನೆಯದು ಬಹುಮಟ್ಟಿಗೆ ಕೆಲವು ನಿಮಿಷಗಳಲ್ಲಿ ತಾನಾಗಿ ನಿಲ್ಲುವುದು. ಎರಡನೆಯದಕ್ಕೆ ಸಕ್ಕರೆಯೇ ಔಷಧ, ಅದಿಲ್ಲದೆ ಕಾದು ಕುಳಿತರೆ ಪಾತ್ರೆ ತಳ ಸೇರೀತು. ಸಕ್ಕರೆಯ ಕುಗ್ಗುವಿಕೆಯಿಂದಲೇ ಬಂದ ಸೆಳೆತವನ್ನು ಇಂದಿನ ವೈದ್ಯರು ಅಪಸ್ಮಾರವೆಂದು ಗಣಿಸುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

೩

ಪಶ್ಚಿಮದಲ್ಲಿ ಈ ಎರಡು ವ್ಯಾಧಿಗಳನ್ನೂ ಒಬ್ಬನೇ ಕೈಗೆತ್ತಿಕೊಂಡ ದೃಷ್ಟಾಂತವು ಥಾಮಸ್ ವಿಲ್ಲಿಸನದು. ಸೆಳೆತದ ರೋಗಗಳಿಗೆ ಮೆದುಳೇ ಮೂಲವೆಂದು ೧೬೬೭ರ ಗ್ರಂಥದಲ್ಲಿ ಪ್ರತಿಪಾದಿಸಿದ ಈ ಆಂಗ್ಲವೈದ್ಯನು, ೧೬೭೪ರಲ್ಲಿ ಮಧುಮೇಹಿಗಳ ಮೂತ್ರದ ಸಿಹಿಯನ್ನೂ ವರ್ಣಿಸಿದನು. ಆ ಸಿಹಿಯು ಸಕ್ಕರೆಯೇ ಎಂದು ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ೧೭೭೬ರಲ್ಲಿ ತೋರಿಸಿಕೊಟ್ಟನು. ನಾಯಿಯ ಮೇದೋಜೀರಕಗ್ರಂಥಿಯನ್ನು ತೆಗೆದರೆ ಮಧುಮೇಹವುಂಟಾಗುವುದೆಂದು ಮೆರಿಂಗ್ ಮತ್ತು ಮಿಂಕೋವ್ಸ್ಕಿ ಎಂಬವರು ಕಂಡುಕೊಂಡದ್ದು ೧೮೮೯ರಲ್ಲಿ. ಅಪಸ್ಮಾರಕ್ಕೆ ಬ್ರೋಮೈಡು ೧೮೫೭ರಲ್ಲಿಯೂ, ಫಿನೋಬಾರ್ಬಿಟಾಲು ೧೯೧೨ರಲ್ಲಿಯೂ, ಫೆನಿಟಾಯಿನ್ ೧೯೩೮ರಲ್ಲಿಯೂ ಬಳಕೆಗೆ ಬಂದುವು.

ಇವೆರಡು ಪ್ರವಾಹಗಳು ೧೯೨೧ನೆಯ ಇಸವಿಯಲ್ಲಿ ವಿಚಿತ್ರವಾಗಿ ಸಮೀಪಿಸಿದುವು. ಆಗ ಎರಡು ವ್ಯಾಧಿಗಳಿಗೂ ಲಂಘನವೇ ಒಂದು ಮುಖ್ಯ ಚಿಕಿತ್ಸೆಯಾಗಿತ್ತು. ಅಮೆರಿಕದ ಫ್ರೆಡರಿಕ್ ಆಲೆನ್ ಮಧುಮೇಹಿಗಳನ್ನು ಅರೆಹೊಟ್ಟೆಯಲ್ಲಿರಿಸಿ ಆಯುಸ್ಸನ್ನು ಸ್ವಲ್ಪ ಕಾಲ ಎಳೆಯುತ್ತಿದ್ದನು. ಬೇರೆ ಕೆಲವರು ಉಪವಾಸದಿಂದ ಸೆಳೆತಗಳು ಕಡಮೆಯಾಗುವುದನ್ನು ಗಮನಿಸಿದ್ದರು. ಮೇಯೊ ಚಿಕಿತ್ಸಾಲಯದ ರಸೆಲ್ ವೈಲ್ಡರ್ ಮಧುಮೇಹದಲ್ಲಿ ಪರಿಣತನು. ಉಪವಾಸದಲ್ಲಿ ದೇಹದೊಳಗೆ ಹುಟ್ಟುವ ಕೀಟೋನುಗಳನ್ನು ಕೊಬ್ಬು ಹೆಚ್ಚಾಗಿಯೂ ಪಿಷ್ಟ ಅತ್ಯಲ್ಪವಾಗಿಯೂ ಇರುವ ಆಹಾರದಿಂದಲೇ ಹುಟ್ಟಿಸಬಹುದೆಂದೂ, ಅದು ಅಪಸ್ಮಾರಕ್ಕೆ ಹಿತವಾಗಬಹುದೆಂದೂ ಅವನು ಅದೇ ವರ್ಷ ಸೂಚಿಸಿದನು. ಅದೇ ವರ್ಷದ ಬೇಸಿಗೆಯಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಮ್ಯಾಕ್ಲಿಯಡ್ಡನ ಪ್ರಯೋಗಶಾಲೆಯಲ್ಲಿ ಮೇದೋಜೀರಕದ ಸತ್ತ್ವವನ್ನು ನಾಯಿಗಳ ಮೇಲೆ ಪ್ರಯೋಗಿಸತೊಡಗಿದರು. ಮಧುಮೇಹಕ್ಕೆ ಲಂಘನದ ಯುಗ ಅಲ್ಲಿಗೆ ಮುಗಿಯಿತು. ಅಪಸ್ಮಾರಕ್ಕೆ ಆ ಆಹಾರಕ್ರಮ ಇಂದಿಗೂ ಉಳಿದಿದೆ. ಎರಡು ವ್ಯಾಧಿಗಳೂ ಉಳ್ಳವರು ಇಂಥ ಆಹಾರವನ್ನು ತಜ್ಞರ ಕಣ್ಗಾವಲಿಲ್ಲದೆ ಕೈಗೊಳ್ಳತಕ್ಕುದಲ್ಲ ಎಂಬುದಕ್ಕೆ ಈ ಚರಿತ್ರೆಯೇ ಕಾರಣವನ್ನು ಹೇಳುವುದು.

೪

೧೯೨೧ರ ಕೊನೆಯಲ್ಲಿ ಟೊರಾಂಟೊ ಬಳಗವನ್ನು ಸೇರಿದ ರಸಾಯನವಿದ ಕಾಲಿಪ್ ಮೊಲಗಳ ಮೇಲೆ ಸತ್ತ್ವದ ಬಲವನ್ನು ಪರೀಕ್ಷಿಸುತ್ತಿದ್ದನು. ಸತ್ತ್ವವು ಪ್ರಬಲವಾದಾಗ ಮೊಲಗಳು ಸೆಳೆತಗೊಂಡು ಉರುಳಿಬೀಳುವುದನ್ನೂ, ಗ್ಲೂಕೋಸನ್ನು ಚುಚ್ಚಿದೊಡನೆ ಚೇತರಿಸಿಕೊಳ್ಳುವುದನ್ನೂ ಆ ಬಳಗವು ಕಂಡಿತು. ೧೯೨೨ರ ಜನವರಿ ೧೧ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವಯಸ್ಸಿನ ಬಾಲಕನಿಗೆ ಮೊದಲ ಚುಚ್ಚುಮದ್ದನ್ನು ಕೊಟ್ಟರು. ಶುದ್ಧೀಕರಿಸಿದ ಸತ್ತ್ವವನ್ನು ಅದೇ ತಿಂಗಳ ೨೩ರಿಂದ ಕೊಟ್ಟಾಗ ಫಲ ಕಂಡಿತು.

ಮೊಲದ ಸೆಳೆತವು ಅಷ್ಟಕ್ಕೇ ಮುಗಿಯಲಿಲ್ಲ, ಅದು ಮಾನದಂಡವಾಯಿತು. ಹೊಸ ಔಷಧವನ್ನು ಅಳೆಯಲು ತೂಕ ಸಾಲದಾಯಿತು, ಏಕೆಂದರೆ ಒಂದೊಂದು ಬಾರಿ ತಯಾರಿಸಿದ ಸತ್ತ್ವದ ಶಕ್ತಿಯೂ ಬೇರೆ. ಆದುದರಿಂದ ೧೯೨೩ರಲ್ಲಿ ರಾಷ್ಟ್ರಸಂಘದ ಆರೋಗ್ಯಸಮಿತಿಯ ಆಶ್ರಯದಲ್ಲಿ ಎಡಿನ್‌ಬರೋ ನಗರದಲ್ಲಿ ಕೂಡಿದ ವಿದ್ವಾಂಸರು, ಇಪ್ಪತ್ತನಾಲ್ಕು ಗಂಟೆ ಉಪವಾಸವಿರಿಸಿದ ಎರಡು ಕಿಲೋಗ್ರಾಂ ತೂಕದ ಮೊಲದ ರಕ್ತಶರ್ಕರೆಯನ್ನು ಐದು ಗಂಟೆಗಳೊಳಗೆ ಶೇಕಡ ೦.೧೧೮ರಿಂದ ೦.೦೪೫ಕ್ಕೆ ಇಳಿಸುವಷ್ಟು ಸತ್ತ್ವದ ಮೂರನೆಯ ಒಂದು ಪಾಲನ್ನು ಒಂದು ಯೂನಿಟ್ಟೆಂದು ನಿಶ್ಚಯಿಸಿದರು. ಆ ೦.೦೪೫ ಎಂಬುದು ಮೊಲವು ಸೆಳೆತಗೊಳ್ಳುವ ಮಟ್ಟ. ೧೯೨೫ರಲ್ಲಿ ಒಣ ಇನ್ಸುಲಿನ್ನಿನ ಒಂದು ಮಿಲಿಗ್ರಾಮಿಗೆ ಎಂಟು ಯೂನಿಟ್ಟೆಂದು ಅಂತಾರಾಷ್ಟ್ರೀಯ ಪ್ರಮಾಣವು ಸ್ಥಾಪಿತವಾದ ಮೇಲೆ ಮೊಲದ ಲಕ್ಷಣವು ಹಿಂದೆ ಸರಿದರೂ ಯೂನಿಟ್ಟೆಂಬ ಹೆಸರು ಉಳಿಯಿತು. ಇಂದು ಮನೆಮನೆಯಲ್ಲಿ ಹತ್ತು ಯೂನಿಟ್, ಹನ್ನೆರಡು ಯೂನಿಟ್ ಎಂದು ಎಣಿಸುವಾಗ ನಾವು ಎಣಿಸುತ್ತಿರುವುದು, ಮೂಲತಃ, ಸೆಳೆತಕ್ಕೆ ಎಷ್ಟು ಸಮೀಪ ಹೋದೆವೆಂಬುದರ ಅಂಶಗಳನ್ನು. ಇನ್ಸುಲಿನ್ನಿಗೂ ಸೆಳೆತಕ್ಕೂ ಇರುವ ಸಂಬಂಧವು ಆಕಸ್ಮಿಕವಲ್ಲ. ಅದು ಆ ಔಷಧದ ಅಳತೆಗೋಲಿನೊಳಗೇ ಹುದುಗಿದೆ.

ಇದರ ಫಲವು ಬೇಗನೆ ಬೇರೆ ಕಡೆಯಲ್ಲಿಯೂ ಕಂಡಿತು. ಇನ್ಸುಲಿನ್ನನ್ನೇ ತೆಗೆದುಕೊಳ್ಳದವರ ದೇಹದಲ್ಲಿಯೂ ಅದು ಅತಿಯಾಗಿ ಉತ್ಪನ್ನವಾಗಬಹುದೆಂದು ಸೀಲ್ ಹ್ಯಾರಿಸ್ ೧೯೨೪ರಲ್ಲಿ ಬರೆದನು. ಅಂಥವರಲ್ಲಿ ಕೆಲವರನ್ನು ಅಪಸ್ಮಾರಿಗಳೆಂದೇ ಎಣಿಸಲಾಗಿತ್ತು. ಲಕ್ಷಣಗಳಿರಬೇಕು, ಆಗ ರಕ್ತಶರ್ಕರೆ ಕುಗ್ಗಿರಬೇಕು, ಶರ್ಕರೆಯನ್ನು ಕೊಟ್ಟರೆ ಲಕ್ಷಣಗಳು ನಿವೃತ್ತವಾಗಬೇಕು ಎಂದು ಶಸ್ತ್ರವೈದ್ಯನಾದ ವಿಪಲ್ ೧೯೩೮ರಲ್ಲಿ ಹೇಳಿದ ಮೂರು ಲಕ್ಷಣಗಳು, ಸಂನ್ಯಾಸವನ್ನೂ ಅಪಸ್ಮಾರವನ್ನೂ ಬೇರ್ಪಡಿಸಬಯಸುವವರಿಗೆ ಇಂದಿಗೂ ದಾರಿದೀಪ.

೫

ಈಗ ಮೂರನೆಯ ಪಾದಕ್ಕೆ ಬರೋಣ. ಉಪಸ್ಥಾತೃವಿಗೆ ಚರಕನು ಹೇಳುವ ಗುಣಗಳು ನಾಲ್ಕು: ಉಪಚಾರವನ್ನು ಬಲ್ಲವನಾಗಿರುವುದು, ದಕ್ಷತೆ, ಭರ್ತೃವಿನಲ್ಲಿ ಅನುರಾಗ, ಶುಚಿತ್ವ. ಭರ್ತೃಶಬ್ದಕ್ಕೆ ಪ್ರಕರಣಬಲದಿಂದ ಪೋಷಿಸುವ ಒಡೆಯ, ಎಂದರೆ ಆತುರನೆಂದೇ ಅರ್ಥ. ಆದರೆ ಪತಿಯೆಂಬ ಅರ್ಥವೂ ಅದಕ್ಕೆ ರೂಢವಾಗಿದೆ. ‘ಭೃ’ ಧಾತುವಿಗೆ ಧರಿಸುವುದು, ಪೋಷಿಸುವುದು ಎಂಬ ಅರ್ಥಗಳಿರುವುದರಿಂದ, ರೋಗಿಯಾದ ಪತ್ನಿಯನ್ನು ಧರಿಸಿ ನಿಲ್ಲುವ ಪತಿಯಲ್ಲಿ ಭರ್ತೃತ್ವವೂ ಪರಿಚಾರಕತ್ವವೂ ಒಂದಾಗುವುವು.

ಇನ್ಸುಲಿನ್ ಬರುವ ಮುಂಚೆಯೇ ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್ ೧೯೧೮ರಲ್ಲಿ ವೈದ್ಯರಿಗೂ ರೋಗಿಗಳಿಗೂ ಸಮಾನವಾಗಿ ಉಪಯೋಗವಾಗುವ ಕೈಪಿಡಿಯನ್ನು ಪ್ರಕಟಿಸಿದನು. ಮಧುಮೇಹದಲ್ಲಿ ಬೋಧನೆಯೂ ಚಿಕಿತ್ಸೆಯೇ ಎಂಬುದು ಅವನ ಮಾರ್ಗ. ಇನ್ಸುಲಿನ್ ಬಂದ ಮೇಲೆ ಈ ಬೋಧನೆ ಅನಿವಾರ್ಯವಾಯಿತು. ದಿನಕ್ಕೆ ಹಲವು ಬಾರಿ ಚುಚ್ಚಬೇಕಾದ ಔಷಧವನ್ನು ಆಸ್ಪತ್ರೆಯಲ್ಲಿಯೇ ಕೊಡುವುದು ಸಾಧ್ಯವಿರಲಿಲ್ಲ. ಸೂಜಿಯನ್ನು ಕುದಿಸುವುದು, ಮೂತ್ರವನ್ನು ಬೆನೆಡಿಕ್ಟ್ ದ್ರಾವಣದೊಡನೆ ಕಾಯಿಸಿ ಬಣ್ಣ ನೋಡುವುದು, ಅನ್ನವನ್ನು ತೂಗುವುದು, ಇವೆಲ್ಲವೂ ಅಡಿಗೆಮನೆಯ ಕೆಲಸಗಳಾದುವು.

ದಾಂಪತ್ಯದಲ್ಲಿ ಉಪಸ್ಥಾತೃತ್ವದ ಪರಾಕಾಷ್ಠೆಯನ್ನು ನೋಡಬೇಕಾದರೆ ಎರಡನೆಯ ಮಹಾಯುದ್ಧದ ಕಾಲದ ಶಾಂಘಾಯಿಗೆ ಹೋಗಬೇಕು. ಪ್ರಾಗ್ ನಗರದಿಂದ ಹೊರಟು ಅಲ್ಲಿ ಆಶ್ರಯ ಪಡೆದಿದ್ದ ವಿಕ್ಟರ್ ಸಾಕ್ಸ್ಲ್ ಮತ್ತು ಈವಾ ಸಾಕ್ಸ್ಲ್ ದಂಪತಿಗಳಲ್ಲಿ ಈವಾಳಿಗೆ ಮಧುಮೇಹ ಬಂದಿತು. ಜಪಾನೀಯರ ಆಕ್ರಮಣದಿಂದ ಔಷಧದ ಅಂಗಡಿಗಳು ಮುಚ್ಚಿ, ಕಾಳಸಂತೆಯ ಇನ್ಸುಲಿನ್ ಅಪಾಯಕರವಾಯಿತು. ವಿಕ್ಟರನು ವೈದ್ಯನಲ್ಲ, ಜವಳಿ ಉದ್ಯಮದ ಎಂಜಿನಿಯರು. ಒಂದು ವೈದ್ಯಕಗ್ರಂಥದಲ್ಲಿದ್ದ ವಿವರಣೆಯನ್ನು ಆಧಾರವಾಗಿಟ್ಟುಕೊಂಡು, ಚೀನೀ ವಿಜ್ಞಾನಿಯೊಬ್ಬನು ಒದಗಿಸಿದ ಪ್ರಯೋಗಶಾಲೆಯಲ್ಲಿ, ಎಮ್ಮೆಗಳ ಮೇದೋಜೀರಕದಿಂದ ಇವರಿಬ್ಬರೂ ಇನ್ಸುಲಿನ್ನನ್ನು ತಯಾರಿಸಿ ಮೊಲಗಳ ಮೇಲೆ ಪರೀಕ್ಷಿಸಿದರು. ಆ ಬಳಿಕ ಮೊದಲ ಚುಚ್ಚನ್ನು ಈವಾಳೇ ತೆಗೆದುಕೊಂಡಳು. ಆ ಔಷಧದಿಂದ ಶಾಂಘಾಯಿಯ ಇತರ ನೂರಾರು ಮಂದಿ ಮಧುಮೇಹಿಗಳೂ ಯುದ್ಧಕಾಲವನ್ನು ದಾಟಿದರು. ಟೊರಾಂಟೊ ನಗರದ ಮೊಲವು ಇಲ್ಲಿ ಒಂದು ಸಂಸಾರದ ಮನೆಯ ಪ್ರಮಾಣವಾಯಿತು.

ಮತ್ತೊಂದು ದೃಷ್ಟಾಂತ ಅಮೆರಿಕದ್ದು. ರಕ್ತಶರ್ಕರೆಯನ್ನು ನಿಮಿಷದಲ್ಲಿ ತೋರಿಸುವ ಯಂತ್ರವು ಮೊದಲು ಬಂದಾಗ ಅದನ್ನು ವೈದ್ಯರಿಗೆ ಮಾತ್ರ ಮಾರುತ್ತಿದ್ದರು. ರಾತ್ರಿಯಲ್ಲಿ ಪ್ರಜ್ಞೆತಪ್ಪಿ ಬಂದವನು ಕುಡಿದವನೋ ಮಧುಮೇಹಿಯೋ ಎಂದು ಆಸ್ಪತ್ರೆಯವರು ತಿಳಿಯುವುದು ಅದರ ಒಂದು ಉದ್ದೇಶ. ಬಾಲ್ಯದಿಂದಲೂ ಮಧುಮೇಹಿಯಾಗಿದ್ದ ಎಂಜಿನಿಯರ್ ರಿಚರ್ಡ್ ಬರ್ನ್‌ಸ್ಟೀನ್ ೧೯೬೯ರ ಸುಮಾರಿಗೆ ಅದನ್ನು ಕೇಳಿದಾಗ ದೊರೆಯಲಿಲ್ಲ. ವೈದ್ಯೆಯಾಗಿದ್ದ ಅವನ ಪತ್ನಿಯ ಹೆಸರಿನಲ್ಲಿ ಅದು ಮನೆಗೆ ಬಂದಿತು. ಮನೆಯಲ್ಲಿ ರಕ್ತವನ್ನು ಪರೀಕ್ಷಿಸಿಕೊಳ್ಳುವ ಪದ್ಧತಿಯ ಆದಿಯಲ್ಲಿ ಹೀಗೆ ಒಬ್ಬ ಸಹಧರ್ಮಿಣಿಯ ಕೈಯಿದೆ.

೧೯೮೩ರಿಂದ ೧೯೯೩ರ ವರೆಗೆ ೧,೪೪೧ ಮಂದಿಯ ಮೇಲೆ ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ನಡೆದ ಮಹಾಪರೀಕ್ಷೆಯು, ಶರ್ಕರೆಯನ್ನು ಬಿಗಿಯಾಗಿ ಹಿಡಿದರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಬಹಳ ಕಡಮೆಯಾಗುವುದೆಂದೂ, ಆದರೆ ತೀವ್ರವಾದ ಶರ್ಕರಾಕ್ಷಯವು ಸುಮಾರು ಮೂರು ಪಟ್ಟು ಹೆಚ್ಚುವುದೆಂದೂ ತೋರಿಸಿತು. ಈ ‘ತೀವ್ರ’ಶಬ್ದದ ಲಕ್ಷಣವನ್ನು ವಿದ್ವಾಂಸರು ಗಮನಿಸಬೇಕು. ಅದನ್ನು ಬರಿಯ ಅಂಕಿಯೊಂದರಿಂದಲೇ ನಿರ್ಣಯಿಸಿಲ್ಲ. ಚೇತರಿಸಿಕೊಳ್ಳಲು ಇನ್ನೊಬ್ಬರ ಸಹಾಯ ಬೇಕಾಗುವುದೇ ಅದರ ಮುಖ್ಯ ಲಕ್ಷಣ. ಎರಡು ಸಹಸ್ರ ವರ್ಷಗಳ ಬಳಿಕ ಉಪಸ್ಥಾತೃವು ವ್ಯಾಧಿಯ ಲಕ್ಷಣವಾಕ್ಯದೊಳಗೇ ಬಂದು ನಿಂತನು!

೬

ಚರಕನು ನಾಲ್ಕನೆಯ ಪಾದವಾದ ರೋಗಿಗೂ ನಾಲ್ಕು ಗುಣಗಳನ್ನು ಹೇಳಿದ್ದಾನೆ: ಸ್ಮೃತಿ, ವೈದ್ಯನ ನಿರ್ದೇಶದಂತೆ ನಡೆಯುವಿಕೆ, ಅಭೀರುತ್ವ, ತನ್ನ ರೋಗವನ್ನು ತಿಳಿಯಪಡಿಸುವ ಜ್ಞಾಪಕತ್ವ. ಅಪಸ್ಮಾರದ ವೇಗದಲ್ಲಿ ಹೋಗುವುದು ಮೊದಲನೆಯದಾದ ಸ್ಮೃತಿಯೇ. ಶರ್ಕರಾಕ್ಷಯದಲ್ಲಿಯೂ ಮಾತು ತೊದಲಿ, ಸ್ವಭಾವ ಕೆರಳಿ, ತನಗೇನೂ ಆಗಿಲ್ಲವೆಂದು ರೋಗಿಯೇ ವಾದಿಸುವುದುಂಟು. ಸ್ಮೃತಿಯೂ ಜ್ಞಾಪಕತ್ವವೂ ಹೋದ ಮೇಲೆ ನಾಲ್ಕನೆಯ ಪಾದವು ಕುಸಿಯಿತು. ಆಗ ಮೂರನೆಯದೇ ಅದರ ಭಾರವನ್ನೂ ಹೊರಬೇಕು. ರೋಗಿಯ ಪರವಾಗಿ ನೆನಪಿಡಬೇಕು, ರೋಗಿಯ ಪರವಾಗಿ ವೈದ್ಯನಿಗೆ ಹೇಳಬೇಕು. ಇದು ಈ ಲೇಖನದ ಮುಖ್ಯ ಸಿದ್ಧಾಂತ.

ಇದನ್ನು ನಾನು ಗ್ರಂಥದಿಂದ ಕಲಿತವನಲ್ಲವೆಂದು ಒಪ್ಪಿಕೊಳ್ಳಬೇಕು. ಪಾಠಶಾಲೆಯಲ್ಲಿ ಈ ಗುಣಗಳನ್ನು ಕಂಠಸ್ಥ ಮಾಡಿ ಮೂವತ್ತು ವರ್ಷ ಬೋಧಿಸಿದೆನು. ನನ್ನ ಧರ್ಮಪತ್ನಿಗೆ ಅಪಸ್ಮಾರವು ಪ್ರಾಯದಿಂದಲೇ ಇದ್ದುದು. ಇನ್ಸುಲಿನ್ ಪ್ರಾರಂಭವಾಗಿ ಹದಿನಾಲ್ಕು ವರ್ಷಗಳಾದುವು. ಮೊದಲನೆಯ ವರ್ಷದ ಒಂದು ರಾತ್ರಿ ಆಕೆಗೆ ಸೆಳೆತ ಬಂದಾಗ ನಾನು ಎಲ್ಲರಂತೆ ಬೀಗದ ಕೈಯನ್ನು ಮುಷ್ಟಿಯಲ್ಲಿರಿಸಿದೆನು. ಬಳಿಕ ಸಕ್ಕರೆ ಇಳಿದಿರಬಹುದೆಂದು ನೆನಪಾಗಿ, ಪ್ರಜ್ಞೆ ಬಾರದಿದ್ದ ಬಾಯಿಗೆ ಸಕ್ಕರೆನೀರನ್ನು ಹೊಯ್ದೆನು. ಅದು ಶ್ವಾಸನಾಳಕ್ಕೆ ಹೋಗಿ ಆಕೆ ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದಳು. ‘ಪಂಡಿತರೇ, ಪ್ರೀತಿಯಿಂದಲೇ ಕೊಲ್ಲುತ್ತಿದ್ದಿರಿ’ ಎಂದು ಅಲ್ಲಿನ ತರುಣ ವೈದ್ಯೆ ಹೇಳಿದರು. ಅನುರಾಗವಿತ್ತು, ಉಪಚಾರಜ್ಞಾನವಿರಲಿಲ್ಲ. ಚರಕನು ಉಪಚಾರಜ್ಞತೆಯನ್ನು ಮೊದಲು ಹೇಳಿ ಅನುರಾಗವನ್ನು ಮೂರನೆಯದಾಗಿ ಹೇಳಿರುವುದರ ಮರ್ಮ ನನಗೆ ತಿಳಿದದ್ದು ಅಂದು.

ಸಂನ್ಯಾಸಪೀಡಿತನ ಬಾಯಲ್ಲಿ ತೀಕ್ಷ್ಣದ್ರವಗಳನ್ನು ಹೊಯ್ಯುವ ಕ್ರಮವು ಚರಕನಲ್ಲಿಯೇ ಇದೆ. ಅದು ಇಂದು ವರ್ಜ್ಯ. ಪ್ರಾಚೀನರಲ್ಲಿ ಗೌರವವಿದ್ದವರೂ ಇದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಅಪಸ್ಮಾರಿಯನ್ನು ನೀರು, ಬೆಂಕಿ, ಮರ, ಬೆಟ್ಟ, ಏರುತಗ್ಗಿನ ಸ್ಥಳಗಳಿಂದ ಸದಾ ಕಾಪಾಡಬೇಕೆಂಬ ಅವನ ಉಪದೇಶವು ಇಂದಿಗೂ ಒಂದಕ್ಷರವೂ ಸಡಿಲವಾಗಿಲ್ಲ.

ಇಂದಿನ ಉಪಚಾರಜ್ಞತೆಯ ಸಾರಾಂಶವು ಹೀಗಿದೆ. ಸೆಳೆತ ಬಂದಾಗ ಗಡಿಯಾರ ನೋಡಬೇಕು; ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ ತಲೆಯ ಕೆಳಗೆ ಮೆತ್ತಗಿನದನ್ನಿರಿಸಬೇಕು; ಹಿಡಿದು ಅದುಮಬಾರದು; ಬಾಯಿಗೆ ಏನನ್ನೂ ಹಾಕಬಾರದು; ಸೆಳೆತ ನಿಂತೊಡನೆ ಮಗ್ಗುಲಾಗಿ ಮಲಗಿಸಬೇಕು. ಸಾಧ್ಯವಾದೊಡನೆ ಬೆರಳಿನ ರಕ್ತವನ್ನು ಪರೀಕ್ಷಿಸಬೇಕು. ಡೆಸಿಲೀಟರಿಗೆ ೭೦ ಮಿಲಿಗ್ರಾಮಿಗಿಂತ ಕೆಳಗಿದ್ದರೆ ಶರ್ಕರಾಕ್ಷಯ. ೫೪ಕ್ಕಿಂತ ಕೆಳಗಿದ್ದರೆ ಗಂಭೀರ. ಎಚ್ಚರವಿದ್ದು ನುಂಗಬಲ್ಲವರಾದರೆ ೧೫ರಿಂದ ೨೦ ಗ್ರಾಂ ಗ್ಲೂಕೋಸನ್ನು ಕೊಟ್ಟು ಕಾಲು ಗಂಟೆಯ ಮೇಲೆ ಮತ್ತೆ ನೋಡಬೇಕು. ಎಚ್ಚರವಿಲ್ಲದಿದ್ದರೆ ಗ್ಲೂಕಗಾನ್, ದೊರೆಯುವಲ್ಲಿ; ೧೯೨೩ರಲ್ಲಿ ಕಂಡುಹಿಡಿದ ಈ ದ್ರವ್ಯವನ್ನು ಮೂಗಿಗೆ ಊದುವ ಪುಡಿಯ ರೂಪದಲ್ಲಿ ಅಮೆರಿಕವು ೨೦೧೯ರಲ್ಲಿ ಅಂಗೀಕರಿಸಿತು. ಪ್ರಾಚೀನರ ನಸ್ಯವನ್ನು ಇದು ನೆನಪಿಸುವುದಾದರೂ, ದಾರಿ ಒಂದಾದ ಮಾತ್ರಕ್ಕೆ ಜ್ಞಾನ ಒಂದೆನ್ನಲಾಗದು. ಶರ್ಕರೆ ಕುಗ್ಗಿ ಎಚ್ಚರ ತಪ್ಪಿದ್ದರೆ, ಸೆಳೆತ ಐದು ನಿಮಿಷ ಮೀರಿದರೆ, ಎಚ್ಚರ ಬರುವ ಮುನ್ನ ಮತ್ತೊಂದು ಬಂದರೆ, ಆಸ್ಪತ್ರೆಯೇ ಗತಿ. ಸೆಳೆತದ ಭಯದಿಂದ ಇನ್ಸುಲಿನ್ನನ್ನು ತಾವಾಗಿ ನಿಲ್ಲಿಸುವುದು ಇನ್ನೊಂದು ಮೃತ್ಯುದ್ವಾರ. ಶರ್ಕರೆ ಅತಿಯಾಗಿ ಏರಿದರೂ ಕೆಲವರಿಗೆ ಸೆಳೆತ ಬರುವುದುಂಟು. ಫೆನಿಟಾಯಿನ್ ಕೆಲವರಲ್ಲಿ ಶರ್ಕರೆಯನ್ನು ಏರಿಸಬಲ್ಲುದಾದುದರಿಂದ, ಎರಡು ವ್ಯಾಧಿಗಳ ವೈದ್ಯರಿಗೂ ಎರಡರ ಔಷಧಗಳ ಪಟ್ಟಿಯನ್ನೂ ತೋರಿಸತಕ್ಕುದು. ಪ್ರತಿಯೊಂದು ವೇಗದ ದಿನಾಂಕ, ಹೊತ್ತು, ಆಗಿನ ಶರ್ಕರೆಯ ಅಂಕಿ, ಅಂದಿನ ಊಟ ಇವನ್ನು ಬರೆದಿಡುವ ಪುಸ್ತಕವೇ ಜ್ಞಾಪಕತ್ವ. ನಮ್ಮ ಮನೆಯಲ್ಲಿ ಅಂಥವು ಈಗ ಹನ್ನೊಂದಾಗಿವೆ. ಅವುಗಳನ್ನು ನೋಡಿಯೇ ವೈದ್ಯರು ರಾತ್ರಿಯ ಸೆಳೆತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅಪಸ್ಮಾರವಲ್ಲವೆಂದು ನಿರ್ಣಯಿಸಿ, ಮಾತ್ರೆಯನ್ನು ಹೆಚ್ಚಿಸದೆ ಸಂಜೆಯ ಯೂನಿಟ್ಟುಗಳನ್ನು ಕಡಮೆ ಮಾಡಿದರು.

೭

ಕೊನೆಗೆ ಒಂದು ಮಾತು. ನಮ್ಮ ದೇಶದ ಹಿಂದೂ ವಿವಾಹಶಾಸನಕ್ಕೆ ೧೯೭೬ರಲ್ಲಿ ಆದ ತಿದ್ದುಪಡಿಯು, ಅಪಸ್ಮಾರವು ಮರುಕಳಿಸುತ್ತಿರುವವರನ್ನು ಉನ್ಮಾದಿಗಳ ಸಾಲಿನಲ್ಲಿಯೇ ಸೇರಿಸಿ ವಿವಾಹಕ್ಕೆ ಅನರ್ಹರೆಂದಿತ್ತು. ೧೯೯೯ರಲ್ಲಿ ಆ ಶಬ್ದವನ್ನು ಶಾಸನದಿಂದ ತೆಗೆದುಹಾಕಲಾಯಿತು. ಇಪ್ಪತ್ತಮೂರು ವರ್ಷಗಳ ಕಾಲ ಶಾಸನವು ಅಪಸ್ಮಾರವನ್ನು ದಾಂಪತ್ಯಕ್ಕೆ ವಿಘ್ನವೆಂದು ಕಂಡಿತು. ಚಿಕಿತ್ಸೆಯ ಚರಿತ್ರೆಯು ಅದಕ್ಕೆ ವಿಪರೀತವಾದುದನ್ನು ಹೇಳುವುದು: ಈ ವ್ಯಾಧಿಗಳಲ್ಲಿ ದಾಂಪತ್ಯವೇ ಒಂದು ಪಾದ. ಇಂದಿಗೂ ವಧೂವರರ ಮನೆಗಳಲ್ಲಿ ಮೂರ್ಛೆಯ ಮಾತ್ರೆಗಳನ್ನೂ ಇನ್ಸುಲಿನ್ನಿನ ಸೀಸೆಯನ್ನೂ ಬಚ್ಚಿಡುವುದುಂಟು. ಬಚ್ಚಿಟ್ಟ ವ್ಯಾಧಿಗೆ ಉಪಸ್ಥಾತೃವಿಲ್ಲ; ಉಪಸ್ಥಾತೃವಿಲ್ಲದ ಚಿಕಿತ್ಸೆಯು ಮೂರು ಕಾಲಿನ ಮಂಚ. ಖುಡ್ಡಾಕಚತುಷ್ಪಾದವನ್ನು ಪಾಠ ಹೇಳುವ ಅಧ್ಯಾಪಕರು ಮೂರನೆಯ ಪಾದದ ಬಳಿಯಲ್ಲಿ ಸ್ವಲ್ಪ ನಿಂತು, ತಮ್ಮ ವಿದ್ಯಾರ್ಥಿಗಳಿಗೆ ಇಷ್ಟನ್ನಾದರೂ ತಿಳಿಸಿದರೆ ಈ ಶ್ರಮವು ಸಾರ್ಥಕವಾಗುವುದು.